ಸುಳ್ಯದ ಅಟ್ಟದಲ್ಲಿ ಸಿಕ್ಕಿದ್ದು ಟಿಪ್ಪುವಿನ ಖಡ್ಗವೇ? ಮೊದಲು ಹರಿತ ಯಾವ ಕಡೆ ಇದೆ ನೋಡಿ

ಪುತ್ತೂರು, ಸುಳ್ಯ, ಕಡಬ ಕಡೆಯ ಹಳೆಯ ಮನೆಯಿಂದ ತುಕ್ಕು ಹಿಡಿದ ಕತ್ತಿಯೊಂದನ್ನು ಸಂಗ್ರಾಹಕರು ಯಾರಾದರೂ ಕೊಂಡರೆ ಸಾಕು, ವಾಟ್ಸ್‌ಆ್ಯಪ್‌ನಲ್ಲಿ ಅದು ‘ಟಿಪ್ಪುವಿನ ಖಡ್ಗ, ಬೆಲೆ ಕೋಟಿ ಕೋಟಿ’ ಆಗಿಬಿಡುತ್ತದೆ. ಅಂಥ ಫೋಟೊ ಬಂದಾಗ ನಾವು ಮೊದಲು ನೋಡುವುದು ಅಲಗಿನ ಯಾವ ಅಂಚು ಹರಿತ ಎಂಬುದನ್ನು.

ಸಾಮಾನ್ಯ ತಲವಾರ್ ಆದರೆ ಹರಿತ ಇರುವುದು ಬಾಗಿನ ಹೊರಗಡೆ. ಹಿಡಿ ಲೋಹದ್ದು, ಅದರ ತುದಿಗೆ ತಟ್ಟೆಯಂಥ ಬಿಲ್ಲೆ. ಅದರ ಬದಲು ಅಲಗು ಅಗಲವಾಗಿ, ಭಾರವಾಗಿ, ಒಳಗೆ ಬಾಗಿ, ಒಳಅಂಚೇ ಹರಿತವಾಗಿದ್ದರೆ? ಹಿಡಿ ಮರದ್ದೋ ಕೊಂಬಿನದೋ ಆಗಿದ್ದು, ಬೆರಳಿಗೆ ಅಡ್ಡ ಕಾಪು ಇಲ್ಲದಿದ್ದರೆ? ಅದು ಹೆಚ್ಚಾಗಿ ಕೊಡಗಿನ ಆಯುಧ ಕತ್ತಿ. ಕೊಡವರು ಇದನ್ನು ಒಡಿಕತ್ತಿ ಎನ್ನುತ್ತಾರೆ. ಇದಕ್ಕೆ ಒರೆ ಇಲ್ಲ. ಸೊಂಟದ ಹಿಂದೆ ‘ತೊಡಂಗ್’ ಎಂಬ ಹಿತ್ತಾಳೆಯ ಕೊಂಡಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಕೊಡವರ ಮದುವೆಯಲ್ಲಿ ಬಾಳೆ ಕಡಿಯುವುದು ಈಗಲೂ ಇದರಿಂದಲೇ.

ಕೊಡಗಿನ ಕತ್ತಿ ಘಟ್ಟದ ಕೆಳಗೆ ಹೇಗೆ ಬಂತು? ಇದರಲ್ಲಿ ಆಶ್ಚರ್ಯವೇನಿಲ್ಲ. ಅಮರ ಸುಳ್ಯ, ಪುತ್ತೂರು ಸೀಮೆಗಳು 1834ರವರೆಗೆ ಕೊಡಗಿನ ಅರಸರ ಕೈಯಲ್ಲೇ ಇದ್ದವು. ಆ ವರ್ಷ ಚಿಕ್ಕವೀರರಾಜನನ್ನು ಇಳಿಸಿದ ಕಂಪನಿ ಸರಕಾರ ಈ ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಕಂದಾಯವನ್ನು ನಗದಿನಲ್ಲೇ ಕೊಡಬೇಕಾಯಿತು. ಆ ಸಿಟ್ಟೂ ಸೇರಿ 1837ರಲ್ಲಿ ದಂಗೆ ಎದ್ದು, ಬೆಳ್ಳಾರೆಯ ಖಜಾನೆ ವಶವಾಗಿ, ದಂಡು ಮಂಗಳೂರಿನವರೆಗೂ ಹೋಯಿತು. ಹಾಗೆಂದು ಸಿಕ್ಕಿದ ಪ್ರತಿ ಕತ್ತಿಯನ್ನೂ ‘ಕಲ್ಯಾಣಪ್ಪನ ಕತ್ತಿ’ ಎನ್ನುವುದೂ ಅಷ್ಟೇ ತಪ್ಪು.

ನಮ್ಮಲ್ಲಿ ಸೊಪ್ಪು ಕಡಿಯುವುದೂ ಕತ್ತಿಯೇ ಎಂಬುದು ನೆನಪಿರಲಿ! ಇನ್ನು ದೈವದ ಕಡ್ಸಲೆ ಬೇರೆಯೇ. ಅದು ಆರಾಧನೆಯ ವಸ್ತು. ಕೊಳ್ಳುವವರು ಅದು ಯಾವ ಸ್ಥಾನದಿಂದ, ಯಾರ ಒಪ್ಪಿಗೆಯಿಂದ ಬಂತೆಂದು ಕೇಳಲೇಬೇಕು.

ಕೋಟಿಯ ಮಾತು ಎಲ್ಲಿಂದ ಬಂತು? 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪುವಿನ ಶಯನಗೃಹದ ಖಡ್ಗ ಸುಮಾರು 1.4 ಕೋಟಿ ಪೌಂಡಿಗೆ ಹೋಯಿತು. ಆ ಬೆಲೆ ಬರೀ ಹಳೆಯದೆಂಬ ಕಾರಣಕ್ಕೆ ಬಂದದ್ದಲ್ಲ. ಹಿಡಿಯ ಮೇಲೆ ಚಿನ್ನದ ಬರಹವಿತ್ತು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಸೇನಾಧಿಕಾರಿ ಡೇವಿಡ್ ಬೇರ್ಡ್ ಕೈಸೇರಿದ್ದಕ್ಕೆ ದಾಖಲೆಯೂ ಇತ್ತು. ಅಟ್ಟದ ಕತ್ತಿಗೆ ಅಂಥ ಕಾಗದವಿಲ್ಲ. ಅಲಗಿನ ಮೇಲೆ ಅರಬ್ಬಿ ಅಕ್ಷರವೋ ಹುಲಿಪಟ್ಟೆಯೋ ಕಂಡ ಮಾತ್ರಕ್ಕೆ ನಂಬಬೇಡಿ. ಆಸಿಡ್ ಹಾಕಿ ಅದನ್ನು ಇವತ್ತೂ ಮೂಡಿಸಬಹುದು.

ಕತ್ತಿ ನಿಮ್ಮ ಮನೆಯದೇ ಆದರೆ ಮರಳುಕಾಗದ, ಹುಣಸೆಹುಳಿ ಹಾಕಿ ತಿಕ್ಕಬೇಡಿ. ವಯಸ್ಸು ಹೇಳುವ ಗುರುತುಗಳು ಹೋಗಿಬಿಡುತ್ತವೆ. ಎರಡೂ ಮಗ್ಗುಲು, ಹಿಡಿ, ಅಲಗಿನ ಬುಡ ಕಾಣುವಂತೆ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಮನೆಯಲ್ಲಿ ಅದು ಯಾರ ಕಾಲದಿಂದ ಇದೆ ಎಂದು ಹಿರಿಯರನ್ನು ಕೇಳಿ ಬರೆದಿಡಿ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಪುರಾವಸ್ತು ಕಾಯ್ದೆಗೆ ಒಳಪಡುತ್ತದೆ: ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ‘ವಿದೇಶದಲ್ಲಿ ಗಿರಾಕಿ ಇದ್ದಾರೆ, ಮೊದಲು ಸ್ವಲ್ಪ ಹಣ ಹಾಕಿ’ ಎಂದು ಕರೆ ಬಂದರೆ ಫೋನ್ ಇಟ್ಟುಬಿಡಿ.