ಕತ್ತಲಲ್ಲಿ ಯಂತ್ರಕ್ಕೆ ಕಾಣುವುದೆಷ್ಟು?

ಬೆಂಗಳೂರಿನ ಎಚ್‌ಎಎಲ್ ರೂಪಿಸಿದ 156 ‘ಪ್ರಚಂಡ’ ಯುದ್ಧ ಹೆಲಿಕಾಪ್ಟರ್‌ಗಳ ಖರೀದಿಗೆ ರಕ್ಷಣಾ ಸಚಿವಾಲಯ 2025ರ ಮಾರ್ಚ್‌ನಲ್ಲಿ ಒಪ್ಪಂದ ಮಾಡಿಕೊಂಡಿತು. ಬೆಂಗಳೂರು, ತುಮಕೂರಿನಲ್ಲಿ ತಯಾರಾಗುವ ಈ ಹೆಲಿಕಾಪ್ಟರ್ ರಾತ್ರಿಯೂ ಗುರಿ ಹುಡುಕಬಲ್ಲದು. ಹನೂರು, ಕೊಳ್ಳೇಗಾಲದ ಕಡೆಯವರಿಗೆ ಇದನ್ನು ಓದಿದಾಗ ಒಂದು ಪ್ರಶ್ನೆ ಏಳುವುದು ಸಹಜ: ವೀರಪ್ಪನ್ ಕಾಲದಲ್ಲಿ ಇಂಥದ್ದು ಇದ್ದಿದ್ದರೆ?

ಮೊದಲು ಆ ಕಣ್ಣಿನ ವಿಚಾರ. ರಾತ್ರಿ ನೋಡುವ ಸಾಧನಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಚಂದ್ರ, ನಕ್ಷತ್ರಗಳ ಅಲ್ಪ ಬೆಳಕನ್ನೇ ಹಲವು ಪಟ್ಟು ಹೆಚ್ಚಿಸಿ ತೋರಿಸುತ್ತದೆ. ಇನ್ನೊಂದಕ್ಕೆ ಬೆಳಕೇ ಬೇಡ. ಮನುಷ್ಯನ ಮೈಯ, ಎಂಜಿನ್ನಿನ ಬಿಸಿಯನ್ನು ಹಿಡಿದು ಚಿತ್ರ ಮಾಡುತ್ತದೆ. ಅಮೆರಿಕದ ಅಪಾಚೆ ಹೆಲಿಕಾಪ್ಟರಿನ ಮೂತಿಯಲ್ಲಿ ಬಿಸಿ ನೋಡುವ ಕಣ್ಣು ಎರಡಿವೆ: ಪೈಲಟ್‌ಗೊಂದು, ಗುರಿಯಿಡುವವನಿಗೊಂದು. ಪೈಲಟ್ ತಲೆ ತಿರುಗಿಸಿದ ಕಡೆಗೇ ಅವನ ಕ್ಯಾಮೆರಾವೂ ತಿರುಗುತ್ತದೆ.

1991ರ ಜನವರಿ 17ರ ರಾತ್ರಿ ಅಪಾಚೆಗಳು ಇರಾಕಿನ ಎರಡು ರೇಡಾರ್ ಕೇಂದ್ರಗಳನ್ನು ಕತ್ತಲಲ್ಲೇ ಒಡೆದು, ವಾಯುದಾಳಿಗೆ ದಾರಿ ಮಾಡಿದವು. ಸರಿಯಾಗಿ ಒಂದು ತಿಂಗಳಿಗೆ, ಫೆಬ್ರವರಿ 17ರ ರಾತ್ರಿ, ಅದೇ ಬಗೆಯ ಹೆಲಿಕಾಪ್ಟರ್ ತನ್ನದೇ ಸೇನೆಯ ಎರಡು ವಾಹನಗಳಿಗೆ ಕ್ಷಿಪಣಿ ಹೊಡೆಯಿತು. ಇಬ್ಬರು ಅಮೆರಿಕನ್ ಸೈನಿಕರು ಸತ್ತರು, ಆರು ಮಂದಿ ಗಾಯಗೊಂಡರು. ಪರದೆಯ ಮೇಲೆ ವಾಹನ ಕಂಡಿತ್ತು, ಯಾರದ್ದೆಂದು ತಿಳಿಯಲಿಲ್ಲ.

ಈಗ ನಮ್ಮ ಕಾಡಿಗೆ ಬರೋಣ. 1992ರ ಮೇ ತಿಂಗಳಲ್ಲಿ ವೀರಪ್ಪನ್ ತಂಡ ರಾಮಾಪುರ ಠಾಣೆಗೆ ನುಗ್ಗಿ ಐವರು ಪೊಲೀಸರನ್ನು ಕೊಂದಿತು. ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಹೊಂಚುದಾಳಿಗೆ ಬಲಿಯಾದರು. ಇವೆಲ್ಲ ಆಗ ಕೊಳ್ಳೇಗಾಲ ತಾಲ್ಲೂಕಿಗೇ ಸೇರಿದ್ದ ಊರುಗಳು. ಅಲ್ಲಿ ಮೇಲಿಂದ ಹುಡುಕುವ ಯಂತ್ರಕ್ಕೆ ಮೊದಲ ಅಡ್ಡಿ ಮರದ ಎಲೆ. ದಟ್ಟ ಸೊಪ್ಪಿನಡಿ ಕೂತವನ ಮೈಬಿಸಿ ಮೇಲೆ ಬಾರದು. ಎಲೆ ಉದುರಿದ ಬೇಸಿಗೆಯಲ್ಲಿ ಕಂಡರೂ, ಕಾಣುವುದು ಯಾರು? ಜೇನಿಗೆ ಹೋದ ಸೋಲಿಗನೂ, ದೊಡ್ಡಿಯಲ್ಲಿ ದನದ ಜೊತೆ ಮಲಗಿದವನೂ, ಬಂದೂಕು ಹಿಡಿದವನೂ ಪರದೆಯ ಮೇಲೆ ಒಂದೇ ಬಿಳಿ ಚುಕ್ಕೆ.

ಯಾರು ಯಾರೆಂಬ ಗೊಂದಲಕ್ಕೆ ನಮ್ಮ ಜನ ಯಂತ್ರವಿಲ್ಲದೆಯೇ ಬೆಲೆ ತೆತ್ತಿದ್ದಾರೆ. ಕಾರ್ಯಾಚರಣೆ ಹೆಸರಿನಲ್ಲಿ ಅಮಾಯಕರ ಮೇಲೆ ದೌರ್ಜನ್ಯವಾಯಿತೆಂಬ ದೂರುಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ವಿಚಾರಿಸಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು. ಅನುಮಾನದ ಕಣ್ಣಿಗೆ ಬಿದ್ದವರ ಕೈಯಲ್ಲಿ ಕ್ಷಿಪಣಿ ಇದ್ದಿದ್ದರೆ ಪರಿಹಾರ ಕೇಳಲು ಎಷ್ಟು ಜನ ಉಳಿಯುತ್ತಿದ್ದರು?

ವೀರಪ್ಪನ್ ಸತ್ತದ್ದು 2004ರ ಅಕ್ಟೋಬರ್ 18ರ ರಾತ್ರಿ, ಧರ್ಮಪುರಿ ಜಿಲ್ಲೆಯ ಪಾಪರಪಟ್ಟಿ ಬಳಿಯ ರಸ್ತೆಯಲ್ಲಿ. ದೃಷ್ಟಿ ಮಂದವಾಗಿ ಕಣ್ಣಿನ ಚಿಕಿತ್ಸೆಗೆಂದು ಕಾಡುಬಿಟ್ಟು ಬಂದಿದ್ದ. ಅವನು ಹತ್ತಿದ ಆಂಬುಲೆನ್ಸ್ ಓಡಿಸುತ್ತಿದ್ದವನು ತಮಿಳುನಾಡು ಎಸ್‌ಟಿಎಫ್‌ನವನೇ. ಅಂದರೆ ಅವನ ಪಕ್ಕದಲ್ಲೇ ಇದ್ದು ಗುರುತು ಹಿಡಿದಿದ್ದು ಮನುಷ್ಯರು.

ಪ್ರಚಂಡ ಬೇಕೇ ಎಂದರೆ, ಬೇಕು. 1999ರ ಮೇ 28ರಂದು ತೋಲೋಲಿಂಗ್‌ನಲ್ಲಿ ನಮ್ಮ ಎಂಐ-17 ಉರುಳಿ ನಾಲ್ವರು ಸತ್ತಾಗಲೇ, ಎತ್ತರದ ಬೆಟ್ಟಗಳಲ್ಲಿ ಕಾದಾಡಬಲ್ಲ ಹೆಲಿಕಾಪ್ಟರಿನ ಕೊರತೆ ಕಂಡಿತ್ತು. ಗಡಿಯ ಬೋಳು ಬೆಟ್ಟಕ್ಕೆ ಅದು ಸರಿ. ಜನ ಬದುಕುವ ಕಾಡಿಗೆ ಅದನ್ನು ಬಯಸುವ ಮೊದಲು, ಪರದೆಯ ಆ ಬಿಳಿ ಚುಕ್ಕೆಗೆ ಒಂದು ಹೆಸರಿರುತ್ತದೆ ಎಂಬುದು ನೆನಪಿರಲಿ.