ಶಾಲೆ ಬಿಟ್ಟ ಮೇಲೆ: ದಂಡಿನ ಮೈದಾನಗಳ ಕಥೆ

ಸ್ಕೌಟ್ ಚಳವಳಿ ಶುರುಮಾಡಿದ ಬೇಡನ್ ಪೊವೆಲ್ ಅವರ ‘ಸ್ಕೌಟಿಂಗ್ ಫಾರ್ ಬಾಯ್ಸ್’ ಪುಸ್ತಕ ಇಂಗ್ಲೆಂಡಿನಲ್ಲಿ ಅಚ್ಚಾದದ್ದು 1908ರಲ್ಲಿ. ಮರುವರ್ಷವೇ ಬೆಂಗಳೂರು ದಂಡಿನ (ಕಂಟೋನ್ಮೆಂಟಿನ) ಬಿಷಪ್ ಕಾಟನ್ ಶಾಲೆಯಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ಹುಡುಗರ ಒಂದು ತಂಡ ಕಟ್ಟಿದರು. ಭಾರತದ ಮೊದಲ ಸ್ಕೌಟ್ ತಂಡವೆಂದು ಹೆಸರಾಗಿರುವುದು ಇದೇ. ಹಗ್ಗಕ್ಕೆ ಬಗೆಬಗೆಯ ಗಂಟು ಹಾಕುವುದು, ಡೇರೆ ಹೂಡುವುದು, ಗುರುತು ಹಿಡಿದು ದಾರಿ ಕಂಡುಕೊಳ್ಳುವುದು, ಹೀಗೆ ಪಾಠದ ಪುಸ್ತಕದಲ್ಲಿ ಸಿಗದ್ದೆಲ್ಲ ಸ್ಕೌಟ್ ಹುಡುಗರಿಗೆ ಸಿಗುತ್ತಿತ್ತು. ಆದರೆ ಅದಕ್ಕೆ ಸೇರಬೇಕಾದರೆ ಇಂಗ್ಲಿಷರ ಇಲ್ಲವೇ ಆಂಗ್ಲೋ ಇಂಡಿಯನ್ನರ ಮನೆಯಲ್ಲಿ ಹುಟ್ಟಿರಬೇಕಿತ್ತು. ಒಂದೆರಡು ಮೈಲಿ ಆಚೆಯ ಹಲಸೂರಿನ ಹುಡುಗರಿಗೆ ಅಲ್ಲಿ ಜಾಗವಿರಲಿಲ್ಲ.

ಭಾರತೀಯ ಮಕ್ಕಳಿಗೂ ಸ್ಕೌಟ್ ಬೇಕೆಂದು ಮದ್ರಾಸಿನಲ್ಲಿ ಆನಿ ಬೆಸೆಂಟ್, ಉತ್ತರದಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು ಮೊದಲಾದವರು ಬೇರೆ ಸಂಸ್ಥೆಗಳನ್ನೇ ಕಟ್ಟಬೇಕಾಯಿತು. ಎಲ್ಲವೂ ಒಂದೇ ಕೊಡೆಯಡಿ ಬಂದು ‘ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್’ ಹುಟ್ಟಿದ್ದು 1950ರಲ್ಲಿ. ಅಷ್ಟರಲ್ಲಿ ದಂಡಿನ ಬಡ ಕೇರಿಗಳ ಹುಡುಗರು ಯಾರ ಅಪ್ಪಣೆಗೂ ಕಾಯದೆ ತಮ್ಮ ಸಂಜೆಗೊಂದು ದಾರಿ ಮಾಡಿಕೊಂಡಿದ್ದರು. ಅದು ಫುಟ್‌ಬಾಲ್.

ಬ್ರಿಟಿಷರ ದಂಡು ಬೆಂಗಳೂರಿನಲ್ಲಿ ನೆಲೆಯೂರಿದ್ದು 1809ರಲ್ಲಿ, ಹಲಸೂರಿನ ಮಗ್ಗುಲಲ್ಲಿ. ಪೆರೇಡು, ಕವಾಯತಿಗೆಂದು ಬಯಲುಗಳನ್ನು ಹಾಗೆಯೇ ಬಿಟ್ಟುಕೊಂಡರು. ಸೈನಿಕರ ಜೊತೆ ಅವರಿಗೆ ಅಡುಗೆ ಮಾಡುವವರು, ಬಟ್ಟೆ ಒಗೆಯುವವರು, ಕುದುರೆ ನೋಡಿಕೊಳ್ಳುವವರು, ಗುತ್ತಿಗೆದಾರರು ಬಂದರು. ಹೆಚ್ಚಿನವರು ತಮಿಳು ಸೀಮೆಯವರು. ಹಲಸೂರಿನ ಪಕ್ಕದ ಗೌತಮಪುರಕ್ಕೆ ಹಳಬರ ಬಾಯಲ್ಲಿ ಇಂದಿಗೂ ‘ಗನ್ ಟ್ರೂಪ್’ ಎಂಬ ಹೆಸರಿದೆ. ಗೋರಾ ಸಿಪಾಯಿಗಳು ಸಂಜೆ ಆಡುತ್ತಿದ್ದ ಆಟವನ್ನು ಈ ಕೇರಿಗಳ ಹುಡುಗರು ಗೆರೆಯಾಚೆ ನಿಂತು ನೋಡಿದರು, ಮನೆಯ ಹತ್ತಿರ ಬಂದು ಆಡಿದರು. ಗೋಲಿಗೆ ಎರಡು ಕಲ್ಲು ಸಾಕು, ಇಪ್ಪತ್ತು ಜನಕ್ಕೆ ಒಂದು ಚೆಂಡು ಸಾಕು.

ನೋಡಿ ಕಲಿತವರು ಬೇಗನೆ ಕಲಿಸಿದವರ ಸಮಕ್ಕೆ ಬಂದರು. ಮುಂಬೈಯ ರೋವರ್ಸ್ ಕಪ್ ಶುರುವಾದಾಗಿನಿಂದ ಸೈನ್ಯದ ತಂಡಗಳದೇ ದರ್ಬಾರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಆ ಕಪ್ ಗೆದ್ದಿತು, ಮರುವರ್ಷವೂ ಬಿಟ್ಟುಕೊಡಲಿಲ್ಲ. 1946ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಪ್ರಾಂತ್ಯ ತಂಡಗಳ ಸಂತೋಷ್ ಟ್ರೋಫಿ ಎತ್ತಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತ ಒಂದು ಗೋಲಿನಿಂದ ಹಿಂದಿದ್ದಾಗ ಸಮ ಮಾಡಿದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಅದು. ಅಂದು ಭಾರತ ತಂಡದ ಹೆಚ್ಚಿನವರ ಕಾಲಲ್ಲಿ ಬೂಟು ಇರಲಿಲ್ಲ. ಕೆಲವರು ಪಾದಕ್ಕೆ ಬಟ್ಟೆಯ ಪಟ್ಟಿ ಸುತ್ತಿಕೊಂಡಿದ್ದರು, ಅಷ್ಟೇ. ಭಾರತಕ್ಕೆ ಸಿಕ್ಕ ಎರಡು ಪೆನಾಲ್ಟಿ ಕೈತಪ್ಪಿದವು, ಪಂದ್ಯ ಇನ್ನೇನು ಮುಗಿಯಿತು ಎನ್ನುವಾಗ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು 2–1ರಿಂದ ಗೆದ್ದಿತು.

ಅದೇ ತಂಡದಲ್ಲಿದ್ದ ಇನ್ನೊಬ್ಬ ಬೆಂಗಳೂರಿಗ ಅಹ್ಮದ್ ಖಾನ್. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದ ಮೇಲೆ ಅಲ್ಲಿನವರು ‘ಪಂಚಪಾಂಡವರು’ ಎಂದು ಕರೆದ ಐವರು ಮುನ್ನಡೆ ಆಟಗಾರರಲ್ಲಿ ಅವರೂ ಒಬ್ಬರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯಾ ಭಾರತವನ್ನು 10–1ರಿಂದ ಮಣಿಸಿದಾಗ ಆ ಒಂದು ಗೋಲು ಹೊಡೆದವರೂ ಅವರೇ. ಆ ಸೋಲಿನ ಬೆನ್ನಿಗೇ ಫುಟ್‌ಬಾಲ್ ಫೆಡರೇಶನ್ ಬೂಟು ಕಡ್ಡಾಯ ಮಾಡಿತು. ಅಂತರರಾಷ್ಟ್ರೀಯ ಆಟಕ್ಕೆ ಅದು ಬೇಕಾಗಿಯೇ ಇತ್ತು. ಕೇರಿಯ ಹುಡುಗನ ಲೆಕ್ಕ ಮಾತ್ರ ಬದಲಾಯಿತು. ಎಲ್ಲರಿಗೂ ಸೇರಿ ಒಂದು ಚೆಂಡು ಸಾಕಿದ್ದ ಆಟದಲ್ಲಿ ಮುಂದೆ ಬರಬೇಕಾದರೆ ಇನ್ನು ಒಬ್ಬೊಬ್ಬರಿಗೂ ಒಂದೊಂದು ಜೊತೆ ಬೂಟು ಬೇಕು.

ಬೂಟಿನ ಜೊತೆಗೆ ಆಡಲು ನೆಲವೂ ಬೇಕಲ್ಲ; ಆ ಪ್ರಶ್ನೆಗೆ ಉತ್ತರ ಬೇರೆ ಕಡೆಯಿಂದ ಬಂದಿತ್ತು. ಗುತ್ತಿಗೆ ಕೆಲಸದಿಂದ ಮೇಲೆ ಬಂದ ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರ್ ದಂಡಿನ ದೊಡ್ಡ ಕುಳ, ಅಠಾರಾ ಕಚೇರಿಯನ್ನು (ಈಗಿನ ಹೈಕೋರ್ಟ್ ಕಟ್ಟಡ) ಕಟ್ಟಿಸಿದ ಗುತ್ತಿಗೆದಾರರು. ಅವರು 1873ರಲ್ಲಿ ಬಡ ಮಕ್ಕಳಿಗೆಂದು ಉಚಿತ ಶಾಲೆ ತೆರೆದರು. ಅವರ ಹೆಸರಿನ ಧರ್ಮಸಂಸ್ಥೆಯೇ ಇಂದಿನ ಆರ್‌ಬಿಎಎನ್‌ಎಂ. ಹಲಸೂರು ಕೆರೆಯಿಂದ ಕೂಗಳತೆಯಲ್ಲಿ, ಗಂಗಾಧರ ಚೆಟ್ಟಿ ರಸ್ತೆಯಲ್ಲಿರುವ ಅದರ ಮೈದಾನ ತಲೆಮಾರುಗಳ ಹುಡುಗರಿಗೆ ಆಟದ ಅಂಗಳವಾಯಿತು. ಗಣೇಶೋತ್ಸವದ ಪೆಂಡಾಲೂ ಅಲ್ಲೇ, ವಸ್ತುಪ್ರದರ್ಶನವೂ ಅಲ್ಲೇ. ಪೆಂಡಾಲ್ ಎದ್ದಾಗ ಆಟ ಬೀದಿಗೆ, ಬಿಚ್ಚಿದಾಗ ಮತ್ತೆ ಮೈದಾನಕ್ಕೆ.

ಗೌತಮಪುರದ ಬೀದಿಗೆ ಕಾಲಿಟ್ಟವರಿಗೆ ಕೇರಿಗೂ ಫುಟ್‌ಬಾಲಿಗೂ ಇರುವ ನಂಟು ಕಣ್ಣಿಗೇ ಕಾಣುತ್ತದೆ. ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಪ್ರತಿಮೆಗಳ ಸಾಲಿನಲ್ಲೇ ಬ್ರೆಜಿಲಿನ ಆಟಗಾರ ಪೆಲೆಯ ಪ್ರತಿಮೆಯೂ ನಿಂತಿದೆ. ಈ ಕೇರಿಗೆ ‘ಮಿನಿ ಬ್ರೆಜಿಲ್’ ಎಂಬ ಹೆಸರು ಸುಮ್ಮನೆ ಬಂದಿಲ್ಲ. ವಿಶ್ವಕಪ್ ಬಂತೆಂದರೆ ಬೀದಿಗಳಲ್ಲಿ ಹಳದಿ, ಹಸಿರು ಬಾವುಟ, ರಾತ್ರಿಯೆಲ್ಲ ದೊಡ್ಡ ಪರದೆ. ಇಲ್ಲಿ ಮಕ್ಕಳಿಗೆ ಆಟ ಕಲಿಸಿದವರು ಬಹುಪಾಲು ಅದೇ ಬೀದಿಯ ಅಣ್ಣಂದಿರು, ಹಿಂದೆ ಆಡಿದವರು. ಚಿಕ್ಕ ಕ್ಲಬ್ಬು, ಅಷ್ಟಿಷ್ಟು ಚಂದಾ, ಒಬ್ಬನಿಗೆ ಚಿಕ್ಕದಾದ ಬೂಟು ಇನ್ನೊಬ್ಬನ ಕಾಲಿಗೆ.

ಅಪ್ಪ ಅಮ್ಮಂದಿರು ಹುಡುಗರನ್ನು ಆಡಲು ಬಿಟ್ಟಿದ್ದಕ್ಕೆ ಇನ್ನೊಂದು ಕಾರಣವಿತ್ತು: ಕೆಲಸ. 1940ರಲ್ಲಿ ವಿಮಾನ ಕಾರ್ಖಾನೆ ಎಚ್‌ಎಎಲ್ ಬಂತು, 1948ರಲ್ಲಿ ಕೆ.ಆರ್. ಪುರದ ಬಳಿ ಟೆಲಿಫೋನ್ ಕಾರ್ಖಾನೆ ಐಟಿಐ ಬಂತು. ಐಟಿಐ ಸುತ್ತ ಬೆಳೆದ ದೂರವಾಣಿನಗರದಲ್ಲಿ ನೌಕರರ ಮನೆ, ಶಾಲೆ, ಆಸ್ಪತ್ರೆ, ಮೈದಾನ ಎಲ್ಲವೂ ಒಂದೇ ಕಡೆ. ಇಂಥ ಕಾರ್ಖಾನೆಗಳು ತಮ್ಮ ತಮ್ಮ ಫುಟ್‌ಬಾಲ್ ತಂಡ ಕಟ್ಟಿ ಆಟಗಾರರಿಗೆ ನೌಕರಿ ಕೊಟ್ಟವು. ಚೆನ್ನಾಗಿ ಆಡಿದರೆ ತಿಂಗಳ ಸಂಬಳ, ಪಿಎಫ್, ಕ್ವಾರ್ಟರ್ಸು. ಅದೇ ಕಾಲದಲ್ಲಿ ಆಟವೂ ಬೆಳಗಿತು. ಬೆಂಗಳೂರಿನ ಅರುಮೈನಾಯಗಂ 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿದ್ದರು. 1967–68, 1968–69ರಲ್ಲಿ ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ಸತತ ಎರಡು ಸಲ ಗೆದ್ದಿತು. 1991ರ ನಂತರ ಟೆಲಿಫೋನಿನ ಮಾರುಕಟ್ಟೆ ಎಲ್ಲರಿಗೂ ತೆರೆದುಕೊಂಡು ಐಟಿಐ ಸೊರಗಿತು. ಆಟದ ಕೋಟಾದ ನೇಮಕಾತಿ ಕ್ಷೀಣಿಸಿದಂತೆ ಮನೆಯ ಲೆಕ್ಕಾಚಾರವೂ ತಲೆಕೆಳಗಾಯಿತು. ನಾಲ್ಕು ಗಂಟೆಯ ನಂತರದ ಹೊತ್ತು ಈಗ ಟ್ಯೂಷನ್ನಿನ ಪಾಲು.

ಈ ಇಡೀ ಚರಿತ್ರೆಯಲ್ಲಿ ಒಂದು ಸಾಲು ಖಾಲಿ ಇದೆ. ಮೇಲಿನ ಹೆಸರುಗಳಲ್ಲಿ ಆಟಗಾರ್ತಿ ಒಬ್ಬಳೂ ಇಲ್ಲ. ಬಯಲು ಬಿಟ್ಟಿಯಾಗಿದ್ದ ಕಾಲದಲ್ಲೂ ಸಂಜೆಯ ಮೈದಾನ ಹುಡುಗಿಯರದ್ದಾಗಿರಲಿಲ್ಲ. ನೀರು, ಒಲೆ, ತಮ್ಮ ತಂಗಿಯರ ಪಾಲನೆ ಅವರಿಗಾಗಿ ಮನೆಯಲ್ಲಿ ಕಾದಿರುತ್ತಿದ್ದವು. ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ಬಿನ ಮಹಿಳಾ ತಂಡ ರಾಷ್ಟ್ರೀಯ ಲೀಗಿನ ಫೈನಲ್‌ವರೆಗೆ ಹೋದದ್ದು ತೀರ ಈಚೆಗೆ, 2023ರಲ್ಲಿ.

ಹಳೆಯ ಕೇರಿಗಳ ಆಚೆ ಎದ್ದ ಇಂದಿರಾನಗರದಂಥ ಹೊಸ ಬಡಾವಣೆಗಳ ನಕ್ಷೆಯಲ್ಲಿ ಉದ್ಯಾನ, ಆಟದ ಜಾಗವೆಂದು ಹಸಿರು ಬಣ್ಣ ಬಳಿದಿದ್ದರು. ಅವು ಮತ್ತೊಂದಕ್ಕೆ ಬಳಕೆಯಾಗದಂತೆ ಕಾಯಲು 1985ರಲ್ಲಿ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಬಂತು. ಕಾಯ್ದೆ ಜಾಗವನ್ನು ಕಾಯುತ್ತದೆ. ಸಂಜೆ ಐದಕ್ಕೆ ಅಲ್ಲಿ ಯಾರಿಗೆ ಪ್ರವೇಶವಿರಬೇಕು ಎನ್ನುವುದನ್ನು ದಿನದಿನವೂ ತೀರ್ಮಾನಿಸುವವರು ಬೀಗದ ಕೈ ಇರುವವರು. ಈಗ ಪೂರ್ವದ ಬಡಾವಣೆಗಳಲ್ಲಿ ಬಲೆ ಕಟ್ಟಿದ, ದೀಪ ಹಾಕಿದ, ಕೃತಕ ಹುಲ್ಲಿನ ಟರ್ಫ್‌ಗಳು ಗಂಟೆಗಿಷ್ಟು ಎಂದು ಬಾಡಿಗೆಗೆ ಸಿಗುತ್ತವೆ. ಮೊಬೈಲಿನಲ್ಲಿ ಬುಕ್ ಮಾಡಿ, ಕಂಪನಿ ಕೆಲಸ ಮುಗಿಸಿ ಬಂದವರು ದುಡ್ಡು ಹಂಚಿಕೊಂಡು ಆಡುತ್ತಾರೆ. ಎಂಟನೇ ಕ್ಲಾಸಿನ ಹುಡುಗನ ಕೈಯಲ್ಲಿ ಆ ದುಡ್ಡಿಲ್ಲ. ಅವನ ಶಾಲೆಗೆ ಮೈದಾನವಿದ್ದರೂ ಕೊನೆಯ ಗಂಟೆಗೆ ಬೀಗ ಬಿದ್ದರೆ ಅವನಿಗೆ ಉಳಿಯುವುದು ಗಾಡಿಗಳು ನಿಂತ ಬೀದಿ.

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ನಗರಪಾಲಿಕೆಗಳಾಗಿ ಒಡೆಯಿತು. ಶಿವಾಜಿನಗರ, ಹಲಸೂರು ಕೇಂದ್ರ ಪಾಲಿಕೆಗೆ, ಕೆ.ಆರ್. ಪುರ ಪೂರ್ವ ಪಾಲಿಕೆಗೆ ಹೋದವು. ಕೇಂದ್ರಕ್ಕೆ ಬಂದಿರುವುದು ಹಳೆಯ ಮೈದಾನಗಳು, ಇಕ್ಕಟ್ಟಿನ ಕೇರಿಗಳು. ಪೂರ್ವಕ್ಕೆ ಬಂದಿರುವುದು ದಿನೇದಿನೇ ಏಳುವ ಬಡಾವಣೆಗಳು, ಹೊಸದಾಗಿ ಗುರುತಿಸಬೇಕಾದ ಜಾಗಗಳು. ಪಾಲಿಕೆಯ ಬಜೆಟ್ಟಿನಲ್ಲಿ ಮೈದಾನಕ್ಕೆ ಬೇಲಿ, ಗ್ಯಾಲರಿ, ಹೈಮಾಸ್ಟ್ ದೀಪಕ್ಕೆ ಹಣ ಸಿಗುವುದು ಸುಲಭ. ಸಂಜೆ ನಾಲ್ಕರಿಂದ ಆರೂವರೆವರೆಗೆ ಗೇಟು ತೆಗೆದು ಕಾಯುವ ಒಬ್ಬ ಕಾವಲುಗಾರ, ಅಣ್ಣನೋ ಅಕ್ಕನೋ ಆಗಿ ಆಡಿಸುವ ಒಬ್ಬರು, ಹುಡುಗಿಯರಿಗೊಂದು ಶೌಚಾಲಯ, ಇವಕ್ಕೂ ಅದೇ ಬಜೆಟ್ಟಿನಲ್ಲಿ ಒಂದು ಸಾಲು ಬೇಕು.