ಕಾರವಾರದ ಕಾಡು, ಮುಂಬೈಯ ಕಪಾಟು

ನೂರಿಪ್ಪತ್ತು ವರ್ಷಗಳ ಹಿಂದೆ ಉತ್ತರ ಕನ್ನಡದ ಕಾಡುಗಳಲ್ಲಿ ಯಾವ ಚಿಟ್ಟೆ ಹಾರುತ್ತಿತ್ತು, ಯಾವ ಹಕ್ಕಿ ಎಲ್ಲಿ ಗೂಡು ಕಟ್ಟುತ್ತಿತ್ತು? ಇದನ್ನು ತಿಳಿಯಬೇಕಾದವರು ಕಾರವಾರವನ್ನು ಬಿಟ್ಟು ಮುಂಬೈಯತ್ತ ಮುಖ ಮಾಡಬೇಕು. ಅಲ್ಲಿನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಗ್ರಹದಲ್ಲಿ, ಅದರ ನಿಯತಕಾಲಿಕದ ಹಳೆಯ ಸಂಪುಟಗಳಲ್ಲಿ ನಮ್ಮ ಘಟ್ಟದ ಕಾಡಿನ ಜಾತಕವೇ ಇದೆ.

ಕಾರಣ ಸರಳ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್‌ನಿಂದ ಬೇರ್ಪಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಲಾಯಿತು. ಅಲ್ಲಿಂದ ಮುಂದೆ ಜಿಲ್ಲೆಗೆ ಬಂದ ಅಧಿಕಾರಿಗಳೆಲ್ಲ ಮುಂಬೈಯವರು; ಅವರ ಬಿಡುವಿನ ಹವ್ಯಾಸದ ಫಲವೂ ಮುಂಬೈಗೇ ಹೋಯಿತು.

ಸೊಸೈಟಿ ಹುಟ್ಟಿದ್ದು 1883ರ ಸೆಪ್ಟೆಂಬರ್ 15ರಂದು. ಸೇರಿದವರು ಎಂಟೇ ಜನ. ಅವರಲ್ಲಿ ಡಾ. ಆತ್ಮಾರಾಮ್ ಪಾಂಡುರಂಗ, ಡಾ. ಸಖಾರಾಮ್ ಅರ್ಜುನ್ ಎಂಬ ಇಬ್ಬರು ಭಾರತೀಯರಿದ್ದರು. 1886ರಲ್ಲಿ ನಿಯತಕಾಲಿಕ ಆರಂಭವಾಯಿತು. ಆಗ ಸೊಸೈಟಿಗೆ ಜಾಗ ಕೊಟ್ಟವರು ಫಿಪ್ಸನ್ ಎಂಬ ಮದ್ಯದ ವ್ಯಾಪಾರಿ! ಹಾವು, ಹಕ್ಕಿ, ಚಿಟ್ಟೆಗಳೆಲ್ಲ ವೈನ್ ಅಂಗಡಿಯ ಕಟ್ಟಡದಲ್ಲಿ ಆಶ್ರಯ ಪಡೆದವು.

ಕಾರವಾರದ ಪಾತ್ರ ಇಲ್ಲಿಂದ ಶುರು. ಸೊಸೈಟಿಯ ಸ್ಥಾಪಕರಲ್ಲೊಬ್ಬರಾದ ಇ.ಎಚ್. ಏಟ್ಕನ್ ಉಪ್ಪು-ಸುಂಕದ ಇಲಾಖೆಯವರು. ಜೆ. ಡೇವಿಡ್‌ಸನ್ ಜಿಲ್ಲಾ ಕಲೆಕ್ಟರ್. ಟಿ.ಆರ್. ಬೆಲ್ ಅರಣ್ಯಾಧಿಕಾರಿ. ಈ ಮೂವರೂ ಸೇರಿ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಬರೆದ ದೀರ್ಘ ಲೇಖನ 1896ರಿಂದ ಕಂತುಗಳಲ್ಲಿ ಪ್ರಕಟವಾಯಿತು. ಅದು ಬರಿಯ ಹೆಸರುಗಳ ಪಟ್ಟಿಯಲ್ಲ. ಕಂಬಳಿಹುಳುಗಳನ್ನು ಮನೆಯಲ್ಲೇ ಸಾಕಿ, ಯಾವ ಹುಳು ಯಾವ ಗಿಡದ ಎಲೆ ತಿನ್ನುತ್ತದೆ, ಕೋಶ ಹೇಗಿರುತ್ತದೆ ಎಂದೆಲ್ಲ ಅವರು ಬರೆದಿಟ್ಟರು. ಹುಳು ತಿನ್ನುವ ಗಿಡವೇ ಹೋದರೆ ಚಿಟ್ಟೆಯೂ ಹೋಗುತ್ತದೆ ಎಂಬುದನ್ನು ನೆನೆದರೆ ಈ ಟಿಪ್ಪಣಿಗಳ ಬೆಲೆ ತಿಳಿಯುತ್ತದೆ. ಬೆಲ್ ಅವರಂತೂ ನಿವೃತ್ತಿಯ ಬಳಿಕವೂ ಕಾರವಾರದಲ್ಲೇ ನೆಲೆಸಿದರು, 1948ರಲ್ಲಿ ತೀರಿಕೊಂಡರು.

ಕಾರವಾರದಿಂದ ಹೋದ ಇನ್ನೊಬ್ಬ ಪ್ರಸಿದ್ಧನಿದ್ದಾನೆ. 1894ರಲ್ಲಿ ಇಲ್ಲಿಂದ ಒಂದು ಮಂಗಟ್ಟೆ ಹಕ್ಕಿಯ ಮರಿಯನ್ನು ಸೊಸೈಟಿಗೆ ಕಾಣಿಕೆಯಾಗಿ ಕೊಡಲಾಯಿತು. ವಿಲಿಯಂ ಎಂದು ಹೆಸರಿಟ್ಟರು. ಕಚೇರಿಯಲ್ಲಿ ಕಾರ್ಯದರ್ಶಿಯ ಕುರ್ಚಿಯ ಹಿಂದೆಯೇ ಅವನ ಪಂಜರ. ಇಪ್ಪತ್ತಾರು ವರ್ಷ ಬಾಳಿ, 1920ರಲ್ಲಿ ತಂತಿಯ ತುಂಡೊಂದನ್ನು ನುಂಗಿ ಸತ್ತ. ಇಂದು ಸೊಸೈಟಿಯ ಲಾಂಛನದಲ್ಲಿರುವುದು ಮಂಗಟ್ಟೆಯೇ. ಅದರ ಕಟ್ಟಡಕ್ಕೂ ‘ಹಾರ್ನ್‌ಬಿಲ್ ಹೌಸ್’ ಎಂದೇ ಹೆಸರು.

1911ರಲ್ಲಿ ಸೊಸೈಟಿ ಸಸ್ತನಿಗಳ ಸಮೀಕ್ಷೆಗೆ ಕೈಹಾಕಿತು. ಸಂಗ್ರಾಹಕ ಶಾರ್ಟ್‌ರಿಜ್ ಧಾರವಾಡ, ಉತ್ತರ ಕನ್ನಡ, ಕೊಡಗುಗಳಲ್ಲಿ ತಿರುಗಾಡಿ ಇಲಿ, ಅಳಿಲು, ಬಾವಲಿಗಳನ್ನು ಒಟ್ಟುಗೂಡಿಸಿದರು. ಸಂಗ್ರಹದ ಒಂದು ಪಾಲು ಲಂಡನ್ನಿನ ಮ್ಯೂಸಿಯಂ ಸೇರಿತು. ಇಂಥ ಸಂಗ್ರಹದಲ್ಲಿ ಚರ್ಮಕ್ಕಿಂತ ಮುಖ್ಯವಾದದ್ದು ಕಾಲಿಗೆ ಕಟ್ಟಿದ ಚೀಟಿ. ಸ್ಥಳ, ದಿನಾಂಕ, ಹಿಡಿದವರ ಹೆಸರು ಅದರಲ್ಲಿರುತ್ತದೆ. ಚೀಟಿ ಕಳೆದರೆ ಉಳಿಯುವುದು ಹುಲ್ಲು ತುಂಬಿದ ಬೊಂಬೆ ಮಾತ್ರ.

ಎಲ್ಲವನ್ನೂ ಹೊಗಳಬೇಕಾಗಿಲ್ಲ. ಅಂದಿನ ಅಧ್ಯಯನವೆಂದರೆ ಬಹುಪಾಲು ಕೋವಿಯ ಅಧ್ಯಯನ. ಹಕ್ಕಿಯ ಮೊಟ್ಟೆಗಳನ್ನು ಕದಿಯುವುದೂ ಶಾಸ್ತ್ರವೇ ಆಗಿತ್ತು. ಸಾಹೇಬರು ಕುರ್ಚಿಯಲ್ಲಿ ಕುಳಿತು ಬರೆದರೆ, ಮರ ಹತ್ತಿದವರು, ಪೊದೆಗೆ ಕೈಹಾಕಿದವರು ಸ್ಥಳೀಯರು. ಅವರಲ್ಲಿ ಹೆಚ್ಚಿನವರ ಹೆಸರು ಚೀಟಿಯಲ್ಲಿ ಬರಲಿಲ್ಲ. ಕಾಡಿನ ವಿವರ ಉಳಿಯಿತು, ಕಾಡು ಬಲ್ಲವರ ವಿವರ ಉಳಿಯಲಿಲ್ಲ.

ಆದರೂ ಈ ದಾಖಲೆ ಬೇಕು. 1980ರ ದಶಕದಲ್ಲಿ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಊರೇ ಮುಳುಗಿತು. ಸುತ್ತಲಿನ ಕಾಡೂ ಮುಳುಗಿತು. ಕಾಳಿ ಕಣಿವೆಯಲ್ಲಿ ಏನು ಹೋಯಿತು ಎಂದು ಇಂದು ಲೆಕ್ಕ ಹಾಕುವವರಿಗೆ ಮೊದಲು ಏನಿತ್ತು ಎಂಬ ಪಟ್ಟಿ ಬೇಡವೇ? ಬೆಲ್ ಮತ್ತು ಸಂಗಡಿಗರ ಪಟ್ಟಿಯನ್ನು ಓದಲು ಈಗ ಮುಂಬೈವರೆಗೆ ಹೋಗಬೇಕಾಗಿಯೂ ಇಲ್ಲ. ನಿಯತಕಾಲಿಕದ ಹಳೆಯ ಸಂಪುಟಗಳು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ದೊರೆಯುತ್ತವೆ. ಹತ್ತನೆಯ ಸಂಪುಟದಲ್ಲಿ ಚಿಟ್ಟೆಗಳ ಆ ಲೇಖನವಿದೆ.